ಶೇಕಡಾ ಎರಡರ ಆಚೆ

ಘಟಪ್ರಭೆಯ ದಂಡೆಯ ಹಳ್ಳಿಯೊಂದರ ಪ್ರೌಢಶಾಲೆಯ ಸಮಾರಂಭಕ್ಕೆ ಕಳೆದ ವರ್ಷ ನಮ್ಮನ್ನು ಆಮಂತ್ರಿಸಿದ್ದರು. ಸಮೀಪದ ಸಕ್ಕರೆ ಕಾರ್ಖಾನೆಯೊಂದು ಆ ಶಾಲೆಗೆ 60 ಬೆಂಚುಗಳನ್ನು ಕೊಟ್ಟಿತ್ತು. ಪ್ರತಿಯೊಂದು ಬೆಂಚಿನ ಮೇಲೂ ಕಾರ್ಖಾನೆಯ ಹೆಸರನ್ನು ಕೆಂಪಕ್ಷರದಲ್ಲಿ ಬರೆಸಲಾಗಿತ್ತು. ನಾವೂ ದಾನಿಗಳನ್ನು ಪ್ರಶಂಸಿಸಿ ನಾಲ್ಕು ಮಾತುಗಳನ್ನಾಡಿ ವೇದಿಕೆಯಿಂದ ಇಳಿದೆವು. ಆಗ ವೃದ್ಧ ರೈತರೊಬ್ಬರು ಹತ್ತಿರ ಬಂದು, "ಬೆಂಚು ಛಲೋ ಅದಾವ್ರಿ ಗುರುಗಳ. ಆದ್ರ ಹೋದ ಹಂಗಾಮಿನ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲರಿ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಆಡಿದ ಪ್ರಶಂಸೆಯ ಮಾತುಗಳು ನಮಗೇ ಭಾರವೆನಿಸಿದವು.

ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. 2013ರ ಕಂಪನಿ ಕಾಯದೆಯ 135ನೆಯ ಕಲಮು ಅದಕ್ಕೊಂದು ಶಾಸನದ ರೂಪವನ್ನು ಕೊಟ್ಟಿತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೆ 1000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭ ಉಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ ಎರಡರಷ್ಟನ್ನು ಶಿಕ್ಷಣ, ಆರೋಗ್ಯ, ಪರಿಸರ ಮುಂತಾದ ಕಾರ್ಯಗಳಿಗೆ ವೆಚ್ಚಮಾಡಬೇಕೆಂದು ಆ ಕಾಯದೆ ವಿಧಿಸಿತು. 2014ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂದಿತು. ಮೊದಲಲ್ಲಿ, ವೆಚ್ಚಮಾಡದವರು ವಾರ್ಷಿಕ ವರದಿಯಲ್ಲಿ ಕಾರಣವನ್ನು ಹೇಳಿದರೆ ಸಾಕಾಗಿತ್ತು. 2021ರ ತಿದ್ದುಪಡಿಯ ತರುವಾಯ ಉಳಿದ ಹಣವನ್ನು ನಿಗದಿತ ನಿಧಿಗೆ ಒಪ್ಪಿಸಬೇಕಾಯಿತು. ಸಹಕಾರಿ ಸಂಘಗಳಿಗೆ ಈ ಕಲಮು ಅನ್ವಯಿಸದೆಂಬುದನ್ನೂ ನೆನಪಿಡಬೇಕು.

ಕಾಯದೆ ಒಳ್ಳೆಯದೇ. ಅದರಿಂದ ಎಷ್ಟೋ ಶಾಲೆಗಳಿಗೆ ಶೌಚಾಲಯಗಳೂ ಕುಡಿಯುವ ನೀರಿನ ಘಟಕಗಳೂ ಬಂದಿವೆ. ಆದರೆ ಅದು ಕೇಳುವುದು ಲಾಭ ಬಂದ ಮೇಲಿನ ಲೆಕ್ಕವನ್ನು. ಆ ಲಾಭ ಹೇಗೆ ಬಂದಿತೆಂಬ ಪ್ರಶ್ನೆಗೆ ಶೇಕಡಾ ಎರಡರಲ್ಲಿ ಉತ್ತರ ಸಿಗದು. ದಾಸೋಹ ಎಂಬ ಶಬ್ದವನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನು ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಅಲ್ಲಿಯೇ ಹಾಕಿ ಬರುವಂತೆ ಆಯ್ದಕ್ಕಿ ಲಕ್ಕಮ್ಮ ಹೇಳಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಆಕೆಯ ಆಕ್ಷೇಪ ಅಕ್ಕಿಯನ್ನು ಬಡಿಸುವ ರೀತಿಯ ಮೇಲಲ್ಲ, ತಂದ ರೀತಿಯ ಮೇಲೆ.

ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಸರಬರಾಜಾದ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇಕಡಾ 15ರ ಬಡ್ಡಿ ಸೇರಬೇಕು. ಆ ಬಡ್ಡಿಯನ್ನು ಕಣ್ಣಾರೆ ಕಂಡ ರೈತರನ್ನು ನಾವಂತೂ ಹೆಚ್ಚಾಗಿ ಕಂಡಿಲ್ಲ. ಬಿಲ್ಲು ಬಾರದ ಮನೆಯವರು ಸಾಲ ತಂದು ಮಗಳ ಮದುವೆ ಮಾಡುತ್ತಾರೆ. ಹಾಗೆ ನೋಡಿದರೆ, ಬೆಂಚಿನ ಹಣ ಯಾರ ಜೇಬಿನಿಂದ ಬಂದಿತು? ತೂಕದ ಕಾಟಾದ ಮೇಲೆ ರೈತನಿಗೆ ನಂಬಿಕೆ ಇಲ್ಲದ ಊರಿನಲ್ಲಿ ಆರೋಗ್ಯ ಶಿಬಿರವನ್ನು ಏರ್ಪಡಿಸುವುದಕ್ಕಿಂತ, ರೈತರ ಮುಂದೆಯೇ ಆ ಕಾಟಾವನ್ನು ಪರೀಕ್ಷೆಗೆ ಒಡ್ಡುವುದು ಮೊದಲನೆಯ ಸಮಾಜಸೇವೆ.

ನೀರಿನ ವಿಷಯ ಇನ್ನೂ ಗಂಭೀರ. ಕಬ್ಬಿನ ತೂಕದಲ್ಲಿ ಶೇಕಡಾ 70ರಷ್ಟು ನೀರೇ ಇರುತ್ತದೆ. ರಸವನ್ನು ಕುದಿಸುವಾಗ ಏಳುವ ಹಬೆಯನ್ನು ತಣಿಸಿ ಹಿಡಿದುಕೊಂಡರೆ ನದಿಯಿಂದ ಎತ್ತುವ ನೀರನ್ನು ಬಹುಮಟ್ಟಿಗೆ ಕಡಿಮೆ ಮಾಡಬಹುದು. ಸಿಪ್ಪೆಯನ್ನು ಉರಿಸಿ ಕಾರ್ಖಾನೆಗೆ ಬೇಕಾದ ವಿದ್ಯುತ್ತನ್ನು ಪಡೆದು ಮಿಕ್ಕಿದ್ದನ್ನು ಮಾರುವುದು ಈಗ ಸಾಮಾನ್ಯವಾಗಿದೆ. ಲಾಭ ಕಂಡಲ್ಲಿ ಪರಿಸರಪ್ರೇಮ ತಾನಾಗಿಯೇ ಹುಟ್ಟುತ್ತದೆ ಎನ್ನೋಣ! ಪರೀಕ್ಷೆ ಇರುವುದು ಖರ್ಚು ಬರುವಲ್ಲಿ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆಯುವಾಗ ಅದರ ಹತ್ತಾರು ಪಟ್ಟು ಕಪ್ಪುನೀರು ಹೊರಬರುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿಯ ಪ್ರಾಣವಾಯು ಕ್ಷೀಣಿಸಿ ಮೀನುಗಳು ಸಾಯುತ್ತವೆ. ಅದರಿಂದ ಅನಿಲ ತೆಗೆಯುವುದು, ಮಡ್ಡಿಯೊಡನೆ ಬೆರೆಸಿ ಗೊಬ್ಬರ ಮಾಡುವುದು, ಬತ್ತಿಸಿ ಉರಿಸುವುದು ಮುಂತಾದ ಉಪಾಯಗಳೆಲ್ಲ ತಿಳಿದಿವೆ. ಯಂತ್ರವನ್ನು ಕೂಡಿಸಿದವರೂ ಕೂಡ, ಇನ್‌ಸ್ಪೆಕ್ಟರರು ಬರುವ ದಿನ ಮಾತ್ರವಲ್ಲದೆ ರಾತ್ರಿಯ ಪಾಳಿಯಲ್ಲಿಯೂ ಅದನ್ನು ನಡೆಸುತ್ತಾರೆಯೆ ಎಂಬುದೇ ಪ್ರಶ್ನೆ.

ಇನ್ನು ಕಬ್ಬು ಕಡಿಯುವವರು. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ನಮ್ಮವೇ ತಾಂಡಾಗಳಿಂದಲೂ ದೀಪಾವಳಿಯ ಸುಮಾರಿಗೆ ಮಕ್ಕಳುಮರಿಗಳೊಡನೆ ಬಂದು ಗದ್ದೆಯ ಅಂಚಿನಲ್ಲಿ ತಾಡಪಾಲಿನ ಜೋಪಡಿ ಹೂಡುವವರು ಇವರು. ಮುಂಗಡ ಕೊಟ್ಟ ಮುಕಾದಮನ ವಹಿಯಲ್ಲಿ ಅವರ ಹೆಸರಿರುತ್ತದೆ, ಕಾರ್ಖಾನೆಯ ಹಾಜರಿಪಟ್ಟಿಯಲ್ಲಿ ಇರುವುದಿಲ್ಲ. ಕಾಯದೆಯು ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ. ಇವರು ಯಾವ ಸ್ಥಳದವರು? ಹುಟ್ಟಿದೂರಿನಲ್ಲಿ ಅರ್ಧ ವರ್ಷ ಇಲ್ಲ, ದುಡಿಯುವ ಊರಿನಲ್ಲಿ ಲೆಕ್ಕಕ್ಕಿಲ್ಲ. ಆ 60 ಬೆಂಚುಗಳಲ್ಲಿ ಈ ಕೂಲಿಗಳ ಮಗುವೊಂದಾದರೂ ಕುಳಿತಿತೇ ಎಂದು ಅಂದು ಮುಖ್ಯಾಧ್ಯಾಪಕರನ್ನು ಕೇಳಿದೆವು. "ಅವರು ನಮ್ಮ ಶಾಲೆಯ ದಾಖಲೆಯಲ್ಲಿಲ್ಲ" ಎಂದರು. ತಪ್ಪು ಅವರದಲ್ಲ. ಹಂಗಾಮಿನ ಐದಾರು ತಿಂಗಳ ಮಟ್ಟಿಗೆ ಜೋಪಡಿಗಳ ಹತ್ತಿರವೇ ಪಾಠಶಾಲೆಯನ್ನೂ ಶುದ್ಧ ನೀರನ್ನೂ ಏರ್ಪಡಿಸುವುದು ಕಾರ್ಖಾನೆಗೆ ಮಹಾಭಾರವೇನಲ್ಲ. ಅಲ್ಲಿ ಕೆಂಪಕ್ಷರದಲ್ಲಿ ಹೆಸರು ಬರೆಸಲು ಗೋಡೆಯೊಂದಿರುವುದಿಲ್ಲ, ಅಷ್ಟೆ.

ನಮ್ಮ ಓದುಗರಲ್ಲಿ ಕೋಟಿಗಳ ಒಡೆಯರು ಕಡಿಮೆ. ಕಿರಾಣಿ ಅಂಗಡಿ, ಎಣ್ಣೆಗಾಣ, ಅಡತಿ ವ್ಯಾಪಾರ ನಡೆಸುವ ಕುಟುಂಬಗಳೇ ಹೆಚ್ಚು. 135ನೆಯ ಕಲಮು ಅವರನ್ನು ಮುಟ್ಟುವುದಿಲ್ಲ. ಆದರೂ ಹಮಾಲರ ಕೂಲಿ ಸಂಜೆಗೇ ಕೈಸೇರುವುದೇ, ಗಿರಣಿಯ ಹೊಗೆ ನೆರೆಮನೆಯ ಕೂಸಿನ ತೊಟ್ಟಿಲಿಗೆ ಹೋಗುವುದೇ ಎಂದು ವಿಚಾರಿಸಲು ಯಾವ ಕಲಮೂ ಬೇಕಾಗಿಲ್ಲ.

ಕಬ್ಬು ಬೆಳೆಯುವ ನಮ್ಮ ಎಷ್ಟೋ ಮನೆಗಳಲ್ಲಿ ಕಾರ್ಖಾನೆಯ ಷೇರು ಪತ್ರಗಳಿವೆ. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ವಾರ್ಷಿಕ ಮಹಾಸಭೆ ಸೇರುತ್ತದೆ. ಅಲ್ಲಿಗೆ ಹೋಗಿ ಚಹ ಕುಡಿದು, ಚೀಲ ತೆಗೆದುಕೊಂಡು, ಕೈಯೆತ್ತಿ ಬರುವ ರೂಢಿ ನಮ್ಮದು. ಈ ಸಲ ಹೋದವರು ದಾನದ ಪುಟವನ್ನು ಆಮೇಲೆ ನೋಡಲಿ. ಬಾಕಿ ಬಿಲ್ಲೆಷ್ಟು, ನದಿಯಿಂದ ಎತ್ತಿದ ನೀರೆಷ್ಟು, ಕಡಿಯುವವರ ಮಕ್ಕಳೆಷ್ಟು ಎಂದು ಮೊದಲು ಕೇಳಲಿ. ಆ ವೃದ್ಧ ರೈತರಿಗೂ ಇದನ್ನೇ ಹೇಳಿ ಪತ್ರ ಬರೆದಿದ್ದೇವೆ. ತಾವು ಹೋಗುವುದಾಗಿಯೂ, ಒಬ್ಬರೇ ಎದ್ದು ನಿಲ್ಲಲು ಸಂಕೋಚವಾಗುವುದರಿಂದ ಇನ್ನಿಬ್ಬರನ್ನು ಕರೆದುಕೊಂಡು ಹೋಗುವುದಾಗಿಯೂ ಅವರು ಮರಳಿ ತಿಳಿಸಿದ್ದಾರೆ.