ನೌಕರಿ ಹತ್ತಿದ ಮೇಲೆ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಹುಕಾಲ ಯಶಸ್ಸನ್ನು ಅಳೆದದ್ದು ರೇಲ್ವೆ. ಸದರ್ನ್ ಮರಾಠಾ ರೇಲ್ವೆ ಕಂಪನಿ 1880ರ ದಶಕದಲ್ಲಿ ಹುಬ್ಬಳ್ಳಿಗೆ ಹಳಿ ತಂದು, ಅದರ ಬೆನ್ನಿಗೇ ವರ್ಕ್‌ಶಾಪ್ ಕಟ್ಟಿತು. ಅಲ್ಲಿಂದ ಮುಂದೆ ನಿಲ್ದಾಣಕ್ಕೆ ಹೊಂದಿಕೊಂಡ ಈ ಭಾಗದ ಬದುಕು ರೇಲ್ವೆಯ ಸುತ್ತಲೇ ಬೆಳೆಯಿತು. 2003ರಲ್ಲಿ ನೈರುತ್ಯ ರೇಲ್ವೆ ವಲಯ ಆರಂಭವಾಗಿ ಹುಬ್ಬಳ್ಳಿಯೇ ಅದರ ಕೇಂದ್ರವಾಯಿತು. ಗದಗ ರಸ್ತೆಯ ರೈಲ್ ಸೌಧದಿಂದ ಇಂದು ಇಡೀ ವಲಯದ ಆಡಳಿತ ನಡೆಯುತ್ತದೆ. ಒಂದು ಕಾಲಕ್ಕೆ ಇಲ್ಲಿ ಹುಡುಗನಿಗೆ ನೌಕರಿ ಹತ್ತಿತು ಎಂದರೆ ಯಾವ ನೌಕರಿ ಎಂದು ಮರುಪ್ರಶ್ನೆ ಬರುತ್ತಿರಲಿಲ್ಲ.

ಆ ನೌಕರಿ ಪಗಾರ, ಕ್ವಾರ್ಟರ್ಸು, ಪಾಸು, ಪಿಂಚಣಿಗಳ ಜೊತೆಗೆ ದುಡಿಮೆಗೊಂದು ಗಡಿಯನ್ನೂ ಕೊಟ್ಟಿತು. ವರ್ಕ್‌ಶಾಪಿನ ಭೋಂಗಾ ಕೂಗಿದರೆ ಕೆಲಸ ಶುರು, ಮತ್ತೆ ಕೂಗಿದರೆ ಮುಗಿಯಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರದ ಸೂಟಿಯನ್ನೂ ಬರೆದಿಟ್ಟಿತು. ಫಿಟರನಿಗೆ ತನ್ನ ಕೆಲಸ ಇಷ್ಟವೇ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಇಷ್ಟದ ಸಂಗತಿಗಳಿಗೆ ಸಂಜೆ ಇತ್ತು: ಭಜನೆ, ನಾಟಕದ ತಾಲೀಮು, ಹಾಕಿ, ಸಿದ್ಧಾರೂಢ ಮಠ. ಇದನ್ನು ಮಹತ್ವಾಕಾಂಕ್ಷೆ ಇಲ್ಲದ ಬದುಕು ಎಂದು ಮುಂದಿನ ತಲೆಮಾರು ಹಗುರವಾಗಿ ಮಾತಾಡಿದ್ದುಂಟು. ಅದು ಸರಿಯಾದ ತೀರ್ಪಲ್ಲ. ಆ ಜನರ ಆಕಾಂಕ್ಷೆ ಹುದ್ದೆಯಲ್ಲಿರಲಿಲ್ಲ, ಅಷ್ಟೇ. ಆದರೆ ಭೋಂಗಾದ ಲೆಕ್ಕ ಅಡುಗೆಮನೆಗೆ ಅನ್ವಯಿಸಲಿಲ್ಲ ಎಂಬುದನ್ನೂ ಹೇಳಬೇಕು. ಬೆಳಗಿನ ಪಾಳಿಯವನ ಡಬ್ಬಿಗೆ ಕತ್ತಲಲ್ಲೇ ರೊಟ್ಟಿ ಬಡಿದವಳಿಗೆ ಪಾಳಿಯೂ ಇರಲಿಲ್ಲ, ಸೂಟಿಯೂ ಇರಲಿಲ್ಲ.

ರೇಲ್ವೆಯೊಳಗೂ ಎಲ್ಲರ ಹೊತ್ತು ಒಂದೇ ಆಗಿರಲಿಲ್ಲ. ವರ್ಕ್‌ಶಾಪಿನವನ ನಿದ್ದೆ ಅವನದು. ಎಂಜಿನ್ ನಡೆಸುವವನದು ಹಾಗಲ್ಲ. ನಡುರಾತ್ರಿ ಕಾಲ್‌ಬಾಯ್ ಬಂದು ಬಾಗಿಲು ಬಡಿದರೆ ಪೆಟ್ಟಿಗೆ ಹೊತ್ತು ಹೊರಡಬೇಕು, ಪರ ಊರಿನ ರನ್ನಿಂಗ್ ರೂಮಿನಲ್ಲಿ ಹಗಲು ಮಲಗಬೇಕು, ಗಾಡಿ ತಡವಾದಷ್ಟೂ ಡ್ಯೂಟಿ ಉದ್ದವಾಗಬೇಕು. 1973ರಲ್ಲಿ ದೇಶದ ಲೋಕೊ ಸಿಬ್ಬಂದಿ ಮುಷ್ಕರ ಹೂಡಿ ಹತ್ತು ಗಂಟೆಯ ಡ್ಯೂಟಿಯ ಮಾತು ಪಡೆದರು. ಮರುವರ್ಷ ಮೇ 8ರಂದು ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ನಾಯಕತ್ವದಲ್ಲಿ ಆರಂಭವಾದ ಅಖಿಲ ಭಾರತ ಮುಷ್ಕರ ಸುಮಾರು ಮೂರು ವಾರ ನಡೆಯಿತು. ಅಲ್ಲಿಯೂ ಸಂಬಳ, ಬೋನಸ್‌ಗಳ ಜೊತೆಗೆ ಎಂಟು ಗಂಟೆಯ ಕೆಲಸದ ಬೇಡಿಕೆ ಇತ್ತು. ಈಗ ಕಂಪನಿಗಳ ಎಚ್.ಆರ್. ವಿಭಾಗ ನಯವಾಗಿ ಉಪದೇಶಿಸುವ ಕೆಲಸ-ಬದುಕಿನ ಸಮತೋಲನವನ್ನು ಆಗಿನವರು ಜೈಲಿಗೆ ಹೋಗಿ ಕೇಳಿದ್ದರು.

ಇದೇ ಗದಗ ರಸ್ತೆಯ ಸೆಟ್ಲಮೆಂಟ್ ಪ್ರದೇಶಕ್ಕೆ ಬೇರೆಯೇ ಚರಿತ್ರೆ ಇದೆ. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅಡಿಯಲ್ಲಿ ಬ್ರಿಟಿಷ್ ಸರಕಾರ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿ ಇಲ್ಲಿ ತಂದಿರಿಸಿತ್ತು. ಹಾಜರಿ ಕೊಡದೆ, ಪರವಾನಗಿ ಇಲ್ಲದೆ ಅವರು ಹೊರಹೋಗುವಂತಿರಲಿಲ್ಲ. ದುಡಿಮೆಯೇ ಅವರನ್ನು ತಿದ್ದುವ ಮದ್ದು ಎಂದು ಅಧಿಕಾರಿಗಳು ನಂಬಿದ್ದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ನೆರೆಯ ಕ್ವಾರ್ಟರ್ಸಿನವನಿಗೆ ಮರ್ಯಾದೆ ತಂದ ಕೆಲಸ ಇವರ ಪಾಲಿಗೆ ಕಾವಲಾಗಿತ್ತು. ತನ್ನ ದಾರಿ ತಾನೇ ಆರಿಸಿಕೊಳ್ಳುವುದನ್ನು ಬರಿಯ ಮನೋಬಲದ ಮಾತಾಗಿ ಬೋಧಿಸುವ ಭಾಷಣಕಾರರು ಒಮ್ಮೆ ಈ ಓಣಿಗಳ ಕತೆ ಕೇಳಬೇಕು.

ಆದರೂ ದಾರಿ ಆರಿಸಿಕೊಂಡವರು ಇದ್ದರು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ (1913–2009) ಶಾಲೆ ಓದಿದ್ದು ಕಡಿಮೆ. ಅವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಮಗಳ ಹಿಂದುಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. 1930ರ ದಶಕದ ಕೊನೆಯಲ್ಲಿ, ಮನೆ ಮಕ್ಕಳ ಭಾರ ಹೊತ್ತುಕೊಂಡೇ, ಗಂಗೂಬಾಯಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಕಚೇರಿಯ ಸಂಭಾವನೆಯೇ ಸಂಸಾರದ ಆಧಾರ. ಹಾಡುವ ಹೆಂಗಸೆಂಬ ಕುಹಕ ಬೇರೆ. 2002ರಲ್ಲಿ ಪದ್ಮವಿಭೂಷಣ ಬಂದಿತು. ಈ ಬದುಕಿನಲ್ಲಿ ಕೆಲಸ ಯಾವುದು, ಸಂಸಾರ ಯಾವುದು ಎಂದು ಗೆರೆ ಎಳೆಯಲು ಬರುವುದಿಲ್ಲ. ಗಂಟೆಗಳ ಲೆಕ್ಕ ಇಲ್ಲಿ ಸೋಲುತ್ತದೆ. ಆ ಗಂಟೆಗಳನ್ನು ಅವರೇ ಆರಿಸಿಕೊಂಡಿದ್ದರು ಎಂಬುದೇ ಕಾರಣ. ಅದಕ್ಕಾಗಿ ಇನ್ನೊಬ್ಬ ಹೆಂಗಸು ತನ್ನ ಹಾಡು ಬಿಟ್ಟಳೆಂಬುದೂ ಲೆಕ್ಕಕ್ಕೆ ಸೇರಬೇಕು.

ಯಶಸ್ಸಿನ ಈಗಿನ ಅಳತೆ ಪ್ಯಾಕೇಜು. ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಬೆಂಗಳೂರು, ಪುಣೆ ಸೇರುತ್ತಾರೆ. ಕೇಶ್ವಾಪುರದ ಎಷ್ಟೋ ಮನೆಗಳಲ್ಲಿ ನಿವೃತ್ತ ತಂದೆ ತಾಯಿ ಇಬ್ಬರೇ. ರೇಲ್ವೆ ನೌಕರಿಯೂ ಮೊದಲಿನಂತೆ ಉಳಿದಿಲ್ಲ. 2004ರ ಜನವರಿ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿತು. ಆದರೂ ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಸರಕಾರಿ ನೌಕರಿಗಾಗಿ ವರ್ಷಗಟ್ಟಲೆ ಓದುವವರು ಕಡಿಮೆಯಾಗಿಲ್ಲ. ಅವರನ್ನು ಹೆದರುಪುಕ್ಕಲರೆನ್ನುವುದು ಸುಲಭ. ಅವರ ಅಣ್ಣಂದಿರು ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚದಿರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು, ಅಂದರೆ ಹುಬ್ಬಳ್ಳಿಯ ಅಳಿಯಂದಿರು, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಕಾರ್ಖಾನೆ ಕಾಯ್ದೆಯ ಮಿತಿಗಿಂತ ಅದು 22 ಗಂಟೆ ಹೆಚ್ಚು. ಕಂಪನಿ ಕಟ್ಟಿದವನ 70 ಗಂಟೆಗೂ ಕಂಪನಿಯಲ್ಲಿ ಕೂಲಿಗಿರುವವನ 70 ಗಂಟೆಗೂ ಇರುವ ಅಂತರ ಆ ಮಾತಿನಲ್ಲಿ ಕಾಣಲಿಲ್ಲ. 2024ರಲ್ಲಿ ಐ.ಟಿ. ನೌಕರರ ದಿನದ ಕೆಲಸವನ್ನು 14 ಗಂಟೆವರೆಗೆ ವಿಸ್ತರಿಸುವ ಪ್ರಸ್ತಾಪ ಕರ್ನಾಟಕ ಸರಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಅದೇ ವರ್ಷ ಇನ್ಫೋಸಿಸ್ ಗೋಕುಲ ರಸ್ತೆಯ ತನ್ನ ಹುಬ್ಬಳ್ಳಿ ಕಚೇರಿಗೆ ವರ್ಗವಾಗಿ ಬರುವವರಿಗೆ ಎಂಟು ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಪ್ರಕಟಿಸಿತು. ಊರಿಗೆ ಮರಳಲು ಹಣದ ಆಮಿಷ ಬೇಕಾಯಿತೆಂದರೆ, ಊರು ಬಿಡುವುದೇ ಯಶಸ್ಸೆಂಬ ಭಾವನೆ ಎಷ್ಟು ಆಳಕ್ಕಿಳಿದಿದೆ ಎಂಬುದು ತಿಳಿಯುತ್ತದೆ.

ಮರಳಿ ಬಂದರೂ ಫೋನು ಜೊತೆಗೇ ಬರುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಕರೆಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಜಾರಿಗೆ ತಂದವು. ಕರ್ನಾಟಕದಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ.