ದಾದಿ ಕಂಡದ್ದಕ್ಕೆ ಹೆಸರು ಬೇಡವೆ?

ರೋಗ ಯಾವುದೆಂದು ಹೇಳುವವರು ಡಾಕ್ಟರು, ಅವರು ಬರೆದುಕೊಟ್ಟ ಔಷಧವನ್ನು ಹೊತ್ತುಹೊತ್ತಿಗೆ ಕುಡಿಸುವವಳು ದಾದಿ. ನಮ್ಮ ಜನ ಆಸ್ಪತ್ರೆಯನ್ನು ಅರ್ಥಮಾಡಿಕೊಂಡಿರುವುದು ಹೀಗೆ. ಜನರನ್ನು ದೂರಿ ಫಲವಿಲ್ಲ. ದಾದಿಯರಲ್ಲೇ ಬಹುಮಂದಿ ಹೀಗೆ ನಂಬಿದ್ದಾರೆ. ಆದ್ದರಿಂದಲೇ 'ಶುಶ್ರೂಷಾ ನಿದಾನ' ಎಂಬ ಮಾತು ಕಿವಿಗೆ ಬಿದ್ದೊಡನೆ ವಾರ್ಡಿನಲ್ಲಿ ನಗೆ ಏಳುತ್ತದೆ. "ಇರುವ ಕೆಲಸಕ್ಕೇ ಕೈ ಸಾಲದು, ಇನ್ನು ನಿದಾನ ಬೇರೆಯೆ? ನಿಧಾನವಾಗಿ ಮಾಡೋಣ ಬಿಡಿ" ಎಂದು ನನ್ನ ಜೊತೆಯ ಸಿಸ್ಟರೊಬ್ಬರು ಅಂದದ್ದುಂಟು. ಮಾತು ಚೆನ್ನಾಗಿದೆ, ನಾನೂ ನಕ್ಕೆ. ಆದರೆ ಹೀಗೆ ನಕ್ಕು ನಾವು ಕಳೆದುಕೊಳ್ಳುತ್ತಿರುವುದೇನೆಂದು ಯಾರಾದರೂ ಹೇಳಲೇಬೇಕು.

ಎರಡು ಹಾಸಿಗೆಗಳನ್ನು ನೋಡಿ. ಎರಡರ ಕೇಸ್ ಷೀಟಿನಲ್ಲೂ ಡಾಕ್ಟರು ಬರೆದಿರುವುದು ಒಂದೇ: ಹೃದಯದ ವೈಫಲ್ಯ. ಮಾತ್ರೆಗಳೂ ಹೆಚ್ಚುಕಡಮೆ ಅವೇ. ಆದರೆ ಒಂದನೆಯ ಹಾಸಿಗೆಯವನಿಗೆ ಪಾಯಿಖಾನೆಯವರೆಗೆ ನಡೆದರೆ ಏದುಸಿರು. ಗೋಡೆ ಹಿಡಿದು ನಿಲ್ಲುತ್ತಾನೆ. ಎರಡನೆಯವನು ಸಲೀಸಾಗಿ ಓಡಾಡುತ್ತಾನೆ, ಆದರೆ ಉಪ್ಪಿನಕಾಯಿ ಇಲ್ಲದೆ ಅವನಿಗೆ ತುತ್ತು ಇಳಿಯದು. ಉಪ್ಪು ಏಕೆ ಕಡಮೆಯಾಗಬೇಕೆಂದು ಅವನಿಗೆ ತಿಳಿಯುವಂತೆ ಯಾರೂ ಹೇಳಿಲ್ಲ. ರೋಗ ಒಂದು, ಶುಶ್ರೂಷೆ ಎರಡು. ಇದನ್ನು ಕಂಡವಳು ದಿನವಿಡೀ ಅಲ್ಲಿದ್ದ ದಾದಿ. ಕಂಡದ್ದಕ್ಕೆ ಹೆಸರಿಲ್ಲವಾದರೆ, ಡ್ಯೂಟಿ ಮುಗಿದೊಡನೆ ಅದು ಆಕೆಯ ಜೊತೆಯಲ್ಲೇ ಮನೆಗೆ ಹೋಗುತ್ತದೆ. ವರದಿ ಪುಸ್ತಕದಲ್ಲಿ ಉಳಿಯುವುದು "ಸ್ಥಿತಿ ಯಥಾಪ್ರಕಾರ" ಎಂಬ ಒಂದು ಸಾಲು. ಅದನ್ನು ಓದಿದ ರಾತ್ರಿ ಪಾಳಿಯವಳು ಮೊದಲನೆಯವನನ್ನು ಒಬ್ಬನನ್ನೇ ಪಾಯಿಖಾನೆಗೆ ಕಳಿಸಿ, ಅವನು ನಡುದಾರಿಯಲ್ಲಿ ಕುಸಿದರೆ ಯಾರನ್ನು ಕೇಳೋಣ?

ಈ ಹೆಸರಿಡುವ ಹಕ್ಕು ಸುಲಭವಾಗಿ ಬಂದದ್ದಲ್ಲ. 1955ರಲ್ಲಿ ಅಮೆರಿಕದ ದಾದಿಯರ ಸಂಘ ಶುಶ್ರೂಷೆಯ ವ್ಯಾಖ್ಯೆಯನ್ನು ಬರೆಯುವಾಗ, ನಿದಾನ ಮಾಡುವುದು ಇದರಲ್ಲಿ ಸೇರದು ಎಂದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತ್ತು. ಆ ಕಟ್ಟನ್ನು 1972ರಲ್ಲಿ ಬಿಚ್ಚಿದ್ದು ನ್ಯೂಯಾರ್ಕ್ ರಾಜ್ಯದ ಕಾನೂನು. ಆರೋಗ್ಯ ಕೆಟ್ಟಾಗ, ಅಥವಾ ಕೆಡುವಂತಿದ್ದಾಗ, ಮನುಷ್ಯ ಅದಕ್ಕೆ ಹೇಗೆ ಸ್ಪಂದಿಸುತ್ತಾನೆಂದು ಗುರುತಿಸಿ ಉಪಚರಿಸುವುದು ದಾದಿಯ ಕೆಲಸವೆಂದು ಅದು ಹೇಳಿತು. ಮರುವರ್ಷ ಸೇಂಟ್ ಲೂಯಿಸ್ ನಗರದಲ್ಲಿ ಕ್ರಿಸ್ಟೀನ್ ಗೆಬ್ಬಿ, ಮೇರಿ ಆನ್ ಲಾವಿನ್ ಎಂಬಿಬ್ಬರು ದಾದಿಯರು ಸಮ್ಮೇಳನ ಕರೆದು ಪಟ್ಟಿಗೆ ಕೈಹಚ್ಚಿದರು. 1982ರಲ್ಲಿ ಅದರಿಂದ 'ನಾಂಡಾ' ಸಂಸ್ಥೆ ಹುಟ್ಟಿತು. ಅದರ 2021-23ರ ಆವೃತ್ತಿಯಲ್ಲಿ 267 ನಿದಾನಗಳಿದ್ದುವು.

ಪಟ್ಟಿಯೇನೂ ವೇದವಲ್ಲ. 'ಶಕ್ತಿವಲಯ ಕದಡಿದೆ' ಎಂಬಂಥ ನಿದಾನವೂ 1994ರಲ್ಲಿ ಅದರೊಳಗೆ ನುಸುಳಿತು. ದೇಹದ ಸುತ್ತಣ ಆ ವಲಯ ಕೈಗೆ ತಿಳಿಯುತ್ತದೆ ಎನ್ನುತ್ತಿದ್ದವರ ಬಂಡವಾಳವನ್ನು ಎಮಿಲಿ ರೋಸಾ ಎಂಬ ಶಾಲಾ ಬಾಲಕಿಯ ಸರಳ ಪ್ರಯೋಗವೊಂದು 1998ರಲ್ಲಿ ಬಯಲಿಗೆಳೆಯಿತು. ಜೊಳ್ಳನ್ನು ತೂರಬೇಕು, ನಿಜ. ಜೊಳ್ಳಿದೆಯೆಂದು ರಾಶಿಯನ್ನೇ ಬಿಟ್ಟು ಬರುವ ರೈತನನ್ನು ನಾನು ಕಂಡಿಲ್ಲ.

ಇಷ್ಟು ಹೇಳಿದೆನೆಂದು, ನಮ್ಮ ಕಾಲೇಜುಗಳು ಇದನ್ನು ಕಲಿಸುತ್ತಿರುವ ರೀತಿಯನ್ನು ನಾನು ಮೆಚ್ಚಿದೆನೆಂದು ತಿಳಿಯಬೇಡಿ. ವಿದ್ಯಾರ್ಥಿನಿ ರೋಗಿಯ ಮುಖ ನೋಡುವ ಮೊದಲೇ ಕೇರ್ ಪ್ಲಾನಿನ ಹಾಳೆ ತುಂಬಿರುತ್ತದೆ. ಹಿಂದಿನ ವರ್ಷದವರ ಪುಸ್ತಕ, ಅಂಕಣ ಅಂಕಣವಾಗಿ ಎಳೆದ ಗೆರೆ, ಕೆಂಪು ಶಾಯಿಯ ಶೀರ್ಷಿಕೆ! ಎಚ್ಚರ ತಪ್ಪಿ ಮಲಗಿದ್ದವನಿಗೆ 'ತಿಳಿವಳಿಕೆಯ ಕೊರತೆ' ಎಂದು ನಿದಾನ ಬರೆದಿದ್ದ ಹಾಳೆಯೊಂದನ್ನು ನಾನೇ ತಿದ್ದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಆ ಹಾಳೆಯನ್ನು ಕೇಳುವವರಿಲ್ಲ. ಅದೇ ಹುಡುಗಿ ಕೆಲಸಕ್ಕೆ ಸೇರಿ, 'ಅದೆಲ್ಲ ಓದುವಾಗ ಇತ್ತು' ಎನ್ನುತ್ತಾಳೆ. ತಪ್ಪು ಅವಳದೆ?

ಹಾಳೆಯ ಭಾಷೆಯನ್ನಾದರೂ ನೋಡಿ. ರೋಗಿ ಹೇಳುವುದು "ಕಫ ಕಿತ್ತು ಬರ್ತಾ ಇಲ್ಲ ಕಣವ್ವ" ಎಂದು. ಪಾಳಿ ಬದಲಾಗುವಾಗ ಒಬ್ಬಳು ಇನ್ನೊಬ್ಬಳಿಗೆ ಹೇಳುವುದೂ ಕನ್ನಡದಲ್ಲೇ, ನಡುವೆ ಒಂದಿಷ್ಟು ಮಲಯಾಳ. ಹಾಳೆಯಲ್ಲಿ ಮಾತ್ರ 'ಇನ್‌ಎಫೆಕ್ಟಿವ್ ಏರ್‌ವೇ ಕ್ಲಿಯರೆನ್ಸ್' ಎಂಬ ಮಂತ್ರ. 'ಕಫ ಕಿತ್ತು ಬರುತ್ತಿಲ್ಲ' ಎಂಬುದೇ ನಿದಾನವಾಗಲು ಯಾವ ಯೋಗ್ಯತೆ ಸಾಲದು? ಇಂಗ್ಲಿಷಿನಲ್ಲಿದ್ದರೆ ಎಲ್ಲ ಕಡೆಯೂ ನಡೆಯುತ್ತದೆ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಪಟ್ಟಿಯ ಪ್ರತಿ ನಿದಾನಕ್ಕೂ ಒಂದು ಸಂಖ್ಯೆಯಿದೆ, ಅದನ್ನು ಪಕ್ಕದಲ್ಲಿ ಬರೆದರಾಯಿತು. ಜಪಾನಿನವರೂ ಸ್ಪೇನಿನವರೂ ಪಟ್ಟಿಯನ್ನು ತಮ್ಮ ನುಡಿಗೆ ತಂದುಕೊಂಡಿದ್ದಾರೆ. ನಮಗೆ 267 ಬೇಡ. ಒಂದೊಂದು ವಾರ್ಡಿಗೆ ಇಪ್ಪತ್ತು ಮೂವತ್ತು, ಅಲ್ಲಿನ ದಾದಿಯರೇ ಕೂತು ಆರಿಸಿದವು, ಸಾಕು. ಅಂಕಣದ ಹಾಳೆ ಹೋಗಲಿ. ವರದಿ ಪುಸ್ತಕದಲ್ಲಿ ರೋಗಿಗೊಂದು ಸಾಲು ಬರಲಿ.

ನಲವತ್ತು ಹಾಸಿಗೆಗೆ ಇಬ್ಬರಿರುವಲ್ಲಿ ಆ ಸಾಲನ್ನಾದರೂ ಬರೆಯುವವರು ಯಾರು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಬ್ಬರೇ ಏಕಿದ್ದಾರೆ? ಕಚೇರಿಯಲ್ಲಿ ಕೂತು ದಾದಿಯರ ಲೆಕ್ಕ ಹಾಕುವವರಿಗೆ ಕಾಣುವುದು ಎಷ್ಟು ಇಂಜೆಕ್ಷನ್, ಎಷ್ಟು ಡ್ರೆಸಿಂಗ್ ಎಂಬುದು ಮಾತ್ರ. ಏದುಸಿರಿನವನನ್ನು ತೋಳು ಹಿಡಿದು ನಡೆಸಿದ್ದು, ಹೊರಳಲಾರದವಳನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಬೆನ್ನಿನ ಹುಣ್ಣು ತಪ್ಪಿಸಿದ್ದು, ಇವು ಯಾವ ಪುಸ್ತಕದಲ್ಲೂ ಇಲ್ಲ. ಇನ್ನಿಬ್ಬರನ್ನು ಕೊಡಿ ಎಂದು ಅರ್ಜಿ ಹಿಡಿದು ಹೋದಾಗ ನಾವು ಅವರ ಮೇಜಿನ ಮೇಲೆ ಇಡುವುದೇನು?