ಭೂಮಿ ಉಳಿಯಿತು, ನೀರು?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. ಅದಕ್ಕೆ ಮಣಿದು ರಾಜ್ಯ ಸರ್ಕಾರವು 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಘೋಷಿಸಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಚರಿತ್ರೆಯಲ್ಲಿ ಇದು ಸಣ್ಣ ಗೆಲುವಲ್ಲ. ಆದರೆ ಸ್ವಇಚ್ಛೆಯಿಂದ ಜಮೀನು ಕೊಡಬಯಸುವವರು ಕೊಡಬಹುದೆಂಬ ಮಾತೂ ಅಂದೇ ಬಂದಿತು. ಕೊಳವೆಬಾವಿ ಬತ್ತಿದ ರೈತನ ಇಚ್ಛೆ ಎಷ್ಟರಮಟ್ಟಿಗೆ ಸ್ವಂತದ್ದು?

1986ರಲ್ಲಿ ರೂಪುಗೊಂಡ ಈ ಜಿಲ್ಲೆಗೆ, 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ, ಉಳಿದವು ನಾಲ್ಕೇ ತಾಲ್ಲೂಕುಗಳು: ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಇವುಗಳ ಜೀವಸೆಲೆಯೆಲ್ಲ ಬೆಟ್ಟಗಳದು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಗೂ ಇಳಿಯುತ್ತವೆ. ನೆಲಮಂಗಲದ ಶಿವಗಂಗೆಯಲ್ಲಿ ಕುಮುದ್ವತಿಯ ಮೂಲವಿದೆ. ಅಭಿಷೇಕದ ತುಪ್ಪ ಬೆಣ್ಣೆಯಾಗುವುದನ್ನು ಕಾಣಲು ಶಿವಗಂಗೆಗೆ ಹೋಗುವ ಭಕ್ತರಲ್ಲಿ ಎಷ್ಟು ಮಂದಿ ಆ ನದಿಯನ್ನು ಅರಸಿದ್ದಾರೆಯೋ ತಿಳಿಯದು.

ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟುದು ಈ ಬೆಟ್ಟಗಳೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಲ್ಲಿ ಅರ್ಕಾವತಿ–ಕುಮುದ್ವತಿಗಳ ಸಂಗಮದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ನಗರ ಬಾಯಾರಿಕೆ ತಣಿಸಿಕೊಂಡಿತು. ಒಳಹರಿವು ಕುಗ್ಗಿತು, ಕೊಳಚೆ ಸೇರಿತು. ನಗರವೇನೋ ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿಸಿಕೊಂಡಿತು. ಮೇಲ್ದಂಡೆಯ ಹಳ್ಳಿಗೆ ಅಂಥ ಎರಡನೆಯ ನದಿಯಿಲ್ಲ.

ನದಿ ಬತ್ತಿದ್ದಕ್ಕೆ ಮಳೆಯನ್ನು ದೂರುವುದು ಸುಲಭ. ಆದರೆ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಸೀಮೆಯಿದು. ಬಿದ್ದ ಮಳೆ ಕೆರೆಗೆ ತಲುಪುತ್ತಿಲ್ಲ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಕೂಲಿಯಾಳು ಸಿಗದ, ಮನೆಮಕ್ಕಳು ನಗರಕ್ಕೆ ನಡೆದ ಕುಟುಂಬಕ್ಕೆ ಅದು ದುಡಿಮೆಯಿಲ್ಲದ ಆದಾಯವಾಗಿ ಕಂಡಿತು. ಆ ರೈತನನ್ನು ಹಳಿಯುವುದು ನ್ಯಾಯವಲ್ಲ. ಅದರ ಬೇರು ರಾಗಿಯ ಬೇರಿಗೆ ಎಟುಕದ ಆಳದ ತೇವವನ್ನೂ ವರ್ಷವಿಡೀ ಹೀರುತ್ತದೆ. ಮಣ್ಣು ಒಣಗಿದಷ್ಟೂ ಮುಂದಿನ ಮಳೆಯ ಹೆಚ್ಚು ಪಾಲು ಆ ಮಣ್ಣಿಗೇ ಬೇಕಾಗಿ, ಅಂತರ್ಜಲಕ್ಕೂ ಹಳ್ಳಕ್ಕೂ ಉಳಿಯುವುದು ಅತ್ಯಲ್ಪ. ಅದರ ಕೆಳಗೆ ಗಟ್ಟಿ ಕಲ್ಲು. ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳನ್ನೂ ಕೊಳವೆಬಾವಿಗಳು ಬರಿದುಮಾಡಿದವು. 2017ರಲ್ಲಿ ಸರ್ಕಾರವು ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡ ಮತ್ತೆ ಚಿಗುರುತ್ತದೆ. ಬುಡ ಕೀಳುವ ಖರ್ಚು ಯಾರದು ಎಂಬುದನ್ನು ನಿಷೇಧ ಬಗೆಹರಿಸಲಿಲ್ಲ.

ಈ ನೆಲದ ಆರ್ಥಿಕತೆ ವಿಮಾನನಿಲ್ದಾಣದೊಂದಿಗೆ, ಅಂದರೆ 2008ರಲ್ಲಿ, ಹುಟ್ಟಿದ್ದಲ್ಲ. ದೇವನಹಳ್ಳಿಯ ಚಕ್ಕೋತ ಮತ್ತು ಬೆಂಗಳೂರು ನೀಲಿ ದ್ರಾಕ್ಷಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆಗಳು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿವೆ, ಘಾಟಿಯ ದನಗಳ ಜಾತ್ರೆಗೆ ದೂರದೂರದಿಂದ ಹಳ್ಳಿಕಾರ್ ಎತ್ತುಗಳು ಬರುತ್ತವೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವ ಪದ್ಧತಿ ಮುಂಗಾರು ಕೈಕೊಟ್ಟ ವರ್ಷವೂ ಮನೆಗೆ ಏನಾದರೊಂದನ್ನು ತರುತ್ತಿತ್ತು. ಬೇಸಾಯ ಇಲ್ಲಿ ನಷ್ಟದ ಬಾಬ್ತು ಎನ್ನುವವರು ಚಕ್ಕೋತದ ಮರಕ್ಕೆ ಏನು ಬೇಕೆಂದು ಒಮ್ಮೆ ಕೇಳಬೇಕು: ನೀರು ಮತ್ತು ಕಾಯುವ ತಾಳ್ಮೆ. ನಾಳೆ ಜಮೀನು ಇರುತ್ತದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಯಾರೂ ಚಕ್ಕೋತ ನೆಡುವುದಿಲ್ಲ.

ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ಕೊಳಚೆ ನೀರು ಈಗ ಕೆಲವು ಕೆರೆಗಳಿಗೆ ಬರುತ್ತಿದೆ. ಎರಡನೆಯ ಹಂತಕ್ಕೇ ನಿಲ್ಲುವ ಆ ಸಂಸ್ಕರಣೆ ಮೂರನೆಯ ಹಂತಕ್ಕೇರಬೇಕೆಂಬ ಬೇಡಿಕೆ ನ್ಯಾಯವಾದುದು. ಕೆರೆಯ ಪಕ್ಕದ ಬಾವಿಯ ನೀರನ್ನು ಕುಡಿಯುವವರು ಹಳ್ಳಿಯವರೇ. ಅದಕ್ಕಿಂತ ಮೊದಲಿನ ಕೆಲಸ ಬೆಟ್ಟದ ತಪ್ಪಲಿನಲ್ಲಿದೆ. ಪ್ರತಿ ಗ್ರಾಮಸಭೆಯೂ ತನ್ನ ಕೆರೆಗೆ ನೀರು ತರುವ ಕಾಲುವೆಗಳನ್ನು ಸರ್ವೆ ಮಾಡಿಸಿ ಒತ್ತುವರಿ ತೆರವುಗೊಳಿಸುವಂತೆ ಲಿಖಿತವಾಗಿ ಕೇಳಬೇಕು. ನೀಲಗಿರಿಯ ಬುಡ ಕೀಳುವ ಕೂಲಿಯನ್ನು ಉದ್ಯೋಗ ಯೋಜನೆಯಲ್ಲಿ ಸೇರಿಸಲು ಒತ್ತಾಯಿಸಬೇಕು. ಕಾಲೇಜು ವಿದ್ಯಾರ್ಥಿಗಳು ಗ್ರಾಮನಕ್ಷೆ ಹಿಡಿದು ನೀರುಗಂಟಿಗಳೊಡನೆ ನಡೆದರೆ ಬಹುಪಾಲು ಕಾಲುವೆಗಳ ಗುರುತು ಈಗಲೂ ಸಿಗುತ್ತದೆ. ಹಳೆಯ ನೀರುಗಂಟಿಗಳು ಇನ್ನೂ ನಡೆಯಬಲ್ಲರು.